ಒಂದನೇ ಕಾಲಮಿನಲ್ಲಿ ನನ್ನ ಹೆಸರು

ತುರ್ತು ಕರೆ ತರಬೇತಿಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ರಿಜಿಸ್ಟರಿನ ಪ್ರಕಾರ ೧೯೮೬ರ ಮಾರ್ಚ್ ಹನ್ನೊಂದರ ಮಂಗಳವಾರ ಮಧ್ಯಾಹ್ನ ನಾನು ಸತ್ತಿದ್ದೇನೆ. ತೊಡೆಗೆ ಹಾರೆ ಚುಚ್ಚಿ, ರಕ್ತ ಹರಿದು, ನಿಮ್ಮದೇ ಜೀಪಿನಲ್ಲಿ ದವಾಖಾನೆಯ ದಾರಿಯಲ್ಲಿ ಪ್ರಾಣ ಬಿಟ್ಟಿದ್ದೇನೆ. ಹೆಸರು ಮಾರೆಪ್ಪ, ವಯಸ್ಸು ಇಪ್ಪತ್ತಾರು. ಏನಾಯಿತೆಂಬ ಕೊನೆಯ ಕಾಲಂ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕೈಬರಹ. ಅದರ ಕೆಳಗೆ ತಮ್ಮ ಸಹಿ ಇದೆ. ಅದಾದ ಒಂಬತ್ತನೇ ದಿನ ಅದೇ ಮಾರೆಪ್ಪನಿಗೆ, ಅವನ ಮನೆಯ ವಿಳಾಸಕ್ಕೆ, ತಾವು ಒಂದು ಮೆಮೊ ಕಳಿಸಿದ್ದೀರಿ. ಅದರ ಕೆಳಗೂ ತಮ್ಮ ಸಹಿ ಇದೆ. ಒಂದೇ ಕೈ ನಾನು ಸತ್ತಿದ್ದೇನೆಂದೂ ಒಪ್ಪಿದೆ, ನಾನು ಬದುಕಿದ್ದೇನೆಂದು ಸಿಟ್ಟೂ ಮಾಡಿದೆ. ಈ ಎರಡರಲ್ಲಿ ಯಾವುದಾದರೂ ಒಂದನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಸತ್ತಿರುವುದರಿಂದ ನನಗೇನೂ ತೊಂದರೆಯಾಗಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳುತ್ತಾನೆ, ಮನೆಯಲ್ಲಿ ಅವ್ವ ರೊಟ್ಟಿ ಹಾಕುತ್ತಾಳೆ. ತೊಂದರೆಯಾಗಿರುವುದು ನಿಜವಾಗಿ ಸತ್ತ ಮನುಷ್ಯನ ಹೆಂಡತಿಗೆ. ಅವಳ ಹೆಸರು ಚೌಡವ್ವ, ಹಿರೇಕೆರೂರು ತಾಲೂಕಿನ ಅಬಲೂರಿನ ಆಚೆಯ ಒಂದು ಸಣ್ಣ ಹಳ್ಳಿಯವಳು. ವಿಧವಾ ವೇತನಕ್ಕೆ ಅವಳು ಹಾಕಿದ ಅರ್ಜಿ ಎರಡು ಸಲ ಹಿಂದಕ್ಕೆ ಬಂದಿದೆ. ಊರ ತಲಾಟಿ ಹೇಳುವುದೇನೆಂದರೆ, ಸರಕಾರಿ ಜೀಪಿನಲ್ಲಿ ಸತ್ತವರ ದಾಖಲೆ ಆ ಜೀಪಿನ ರಿಜಿಸ್ಟರಿನಿಂದಲೇ ಬರಬೇಕು. ಆ ದಿನದ ರಿಜಿಸ್ಟರಿನಲ್ಲಿ ಸತ್ತವನು ಮಾರೆಪ್ಪ. ಆದ್ದರಿಂದ ಅವಳ ಗಂಡ ಸರಕಾರದ ಮಟ್ಟಿಗೆ ಜೀವಂತವಾಗಿದ್ದಾನೆ. ಅವನ ಹೆಸರನ್ನು ನಾನು ಈಗಲೇ ಬರೆಯುವುದಿಲ್ಲ, ಕೊನೆಗೆ ಬರೆಯುತ್ತೇನೆ. ಅದಕ್ಕೆ ಕಾರಣವಿದೆ.

ಇದನ್ನು ಸರಿಪಡಿಸಿ ಎಂದು ಮೂರು ಸಲ ರಿಜಿಸ್ಟರ್ ಪೋಸ್ಟಿನಲ್ಲಿ ಬರೆದೆ. ಉತ್ತರ ಬರಲಿಲ್ಲ. ಸತ್ತವರ ಪತ್ರಕ್ಕೆ ಉತ್ತರ ಕೊಡುವ ನಿಯಮ ಇರಲಿಕ್ಕಿಲ್ಲ. ನಾಲ್ಕು ಸಲ ತಮ್ಮ ಕಚೇರಿಗೂ ಬಂದಿದ್ದೇನೆ. ನನಗೆ ಎದುರು ನಿಂತು ಮಾತಾಡಲು ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತು, ಸಿಪಾಯಿ ನನ್ನ ಹೆಸರು ಕರೆಯುವ ಹೊತ್ತಿಗೆ ಎದ್ದು ಹೋಗಿಬಿಡುತ್ತಿದ್ದೆ. ಅದಕ್ಕೇ ಪತ್ರಿಕೆಯವರ ಕಾಲು ಹಿಡಿದು ಇದನ್ನು ಅಚ್ಚು ಹಾಕಿಸುತ್ತಿದ್ದೇನೆ. ತಾವು ಓದದಿದ್ದರೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಜನ ಓದುತ್ತಾರೆ. ತಮ್ಮ ತುರ್ತು ಫೋನಿಗೆ ಕರೆ ಮಾಡಬೇಕಾದವರು ಅವರೇ ಅಲ್ಲವೇ?

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಹದಿನೆಂಟು ತುಂಬಿದಾಗ ಮುಂಬಯಿಯ ಏಜೆಂಟನೊಬ್ಬನ ಮೂಲಕ ಮಸ್ಕತ್ತಿಗೆ ಹೋದೆ. ಅಲ್ಲಿಯ ಒಂದು ದವಾಖಾನೆಯಲ್ಲಿ ನೆಲ ಒರೆಸುವ ಕೆಲಸ. ಎರಡು ವರ್ಷ ಒರೆಸಿದ್ದು ತುರ್ತು ಫೋನಿನ ಕೋಣೆಯನ್ನೇ. ಕಟ್ಟಡ ಕೆಲಸದ ಕ್ಯಾಂಪುಗಳಿಂದ ನಮ್ಮವರು ಫೋನು ಮಾಡುತ್ತಿದ್ದರು. ಹಿಂದಿಯಲ್ಲಿ, ತೆಲುಗಿನಲ್ಲಿ, ಕೆಲವೊಮ್ಮೆ ಕನ್ನಡದಲ್ಲಿ ಅಳುತ್ತಿದ್ದರು. ಕೋಣೆಯವರಿಗೆ ಅದು ತಿಳಿಯುತ್ತಿರಲಿಲ್ಲ. ಒಂದು ದಿನ ಅಲ್ಲಿಯ ಹಿರಿಯ ನರ್ಸು, ಸುಡಾನ್ ದೇಶದ ಮುದುಕ, ನನ್ನ ಕೈಯಿಂದ ಕಸಬರಿಗೆ ತೆಗೆದಿಟ್ಟು ರಿಸೀವರ್ ಕೊಟ್ಟ. ಎದುರಿಗೆ ಮನುಷ್ಯ ಇಲ್ಲದಿದ್ದರೆ ನನ್ನ ಬಾಯಿ ಚೆನ್ನಾಗಿ ಆಡುತ್ತದೆ ಎಂಬುದು ಆ ದಿನ ನನಗೂ ಗೊತ್ತಾಯಿತು. ಆಮೇಲೆ ಆರು ತಿಂಗಳು ತರಬೇತಿ ಕೊಟ್ಟರು, ಪರೀಕ್ಷೆ ಮಾಡಿದರು, ಪ್ರಮಾಣಪತ್ರವನ್ನೂ ಕೊಟ್ಟರು. ಆ ಮುದುಕನನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಅವನು ಕಲಿಸಿದ ಪಾಠ ದೊಡ್ಡದೇನಲ್ಲ. ಮೊದಲು ಕೇಳು, ಎಲ್ಲಿ? ಆಮೇಲೆ ಕೇಳು, ಉಸಿರು ಇದೆಯೇ? ಆಮೇಲೆ, ರಕ್ತ ಹೋಗುತ್ತಿದೆಯೇ? ಗಾಡಿ ಕಳಿಸು. ಹೆಸರನ್ನು ಎಲ್ಲದರ ಕೊನೆಗೆ ಕೇಳು, ಮರೆತರೂ ಪರವಾಗಿಲ್ಲ. "ಹೆಸರು ಸತ್ತವನಿಗೂ ಇರುತ್ತದೆ, ಓಡುವುದಿಲ್ಲ" ಎಂದು ಹರಕು ಹಿಂದಿಯಲ್ಲಿ ಹೇಳುತ್ತಿದ್ದ. ಐದು ವರ್ಷ ಆ ಕೆಲಸ ಮಾಡಿದೆ. ಒಪ್ಪಂದ ಮುಗಿಯಿತು, ಊರಿಗೆ ಬಂದೆ.

ನಾಲ್ಕು ತಾಲೂಕಿಗೆ ಸೇರಿಸಿ ಒಂದು ಜೀಪು, ಒಂದು ಫೋನು, ಒಂದು ಕೋಣೆ ಮಾಡುತ್ತಾರಂತೆ, ಫೋನು ಎತ್ತುವವರಿಗೆ ತರಬೇತಿ ಕೊಡುತ್ತಾರಂತೆ ಎಂಬ ಸುದ್ದಿ ಬಂದಾಗ ನನಗೆ ಆದ ಸಂತೋಷವನ್ನು ತಮಗೆ ಹೇಗೆ ಹೇಳಲಿ? ಪ್ರಮಾಣಪತ್ರ ತಂದು ತಮ್ಮ ಕಚೇರಿಗೆ ಕೊಟ್ಟೆ. ಅದು ಅರಬ್ಬಿಯಲ್ಲಿತ್ತು. ಕನ್ನಡ ಮಾಡಿಸಿ ತರಲು ಹೇಳಿದಿರಿ. ಹುಲಗೂರಿಗೆ ಹೋಗಿ, ದರ್ಗಾದ ಹತ್ತಿರ ಮಕ್ಕಳಿಗೆ ಅರಬ್ಬಿ ಓದಿಸುವ ಉಸ್ಮಾನಸಾಬರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ, ಸುಶ್ರಾವ್ಯವಾಗಿ ಓದಿದರು. ಆಮೇಲೆ ಹೇಳಿದರು.

"ಓದಾಕ ಬಂತಪ್ಪಾ, ತಿಳ್ಯಾಕ ಬರಲಿಲ್ಲ. ನಾವು ಕಲ್ತದ್ದು ದೇವರ ಅರಬ್ಬಿ. ಇದು ಆಫೀಸಿನ ಅರಬ್ಬಿ."

"ಹಂಗಾರ ಏನ್ ಮಾಡೂದ್ರಿ ಅಜ್ಜಾರ?"

"ಏನಿಲ್ಲ, ನಮ್ಮ ಆಫೀಸಿನ ಕನ್ನಡಾನೂ ನನಗ ತಿಳ್ಯಾಂಗಿಲ್ಲ. ನೀ ಏನ್ ಕಲ್ತಿ ಹೇಳು, ಅದನ್ನ ಬರದು ಸಹಿ ಮಾಡ್ತೇನಿ. ಸುಳ್ಳ ಹೇಳಬ್ಯಾಡ ಮತ್ತ, ದರ್ಗಾದ ಮುಂದ ಕುಂತೇವಿ."

ನಾನು ಸುಳ್ಳು ಹೇಳಲಿಲ್ಲ. ಅದರ ನಕಲಿಗೆ ದೊಡ್ಡ ಅಧಿಕಾರಿಯೊಬ್ಬರ ಮುದ್ರೆ ಬೇಕೆಂದಿರಿ. ಆ ದೊಡ್ಡವರು ಅರಬ್ಬಿ ನಕಲನ್ನು ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ಪರಿಶೀಲಿಸಿ, "ಮೂಲದಂತೆ ಇದೆ" ಎಂದು ಮುದ್ರೆ ಒತ್ತಿದರು. ನನ್ನ ಕಡತದಲ್ಲಿ ಆ ಮುದ್ರೆ ಇಂದಿಗೂ ತಲೆಕೆಳಗಾಗಿಯೇ ಇದೆ. ಇಷ್ಟೆಲ್ಲ ಆದ ಮೇಲೆ ತಾವು ಬರೆದದ್ದು ಒಂದು ಸಾಲು: "ವಿದೇಶದ ತರಬೇತಿಯನ್ನು ಪರಿಗಣಿಸಲು ಅವಕಾಶವಿಲ್ಲ. ಅಭ್ಯರ್ಥಿಯು ಮೊದಲಿನಿಂದ ತರಬೇತಿ ಪಡೆಯತಕ್ಕದ್ದು." ಆಗಲಿ ಎಂದೆ. ಕಲಿತವನು ಮತ್ತೆ ಕಲಿತರೆ ನಷ್ಟವೇನು?

ನಾನು ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನನಗೆ ತರಬೇತಿ ಬೇಕಾಗಿತ್ತು. ಮಸ್ಕತ್ತಿನಲ್ಲಿ ಫೋನು ಮಾಡಿದವನ ಕಾಲ ಬುಡದಲ್ಲಿಯೇ ರೋಗಿ ಮಲಗಿರುತ್ತಿದ್ದ. ಎದೆ ಏಳುತ್ತಿದೆಯೇ ನೋಡು, ಗಾಯದ ಮೇಲೆ ಬಟ್ಟೆ ಇಟ್ಟು ಒತ್ತಿ ಹಿಡಿ, ನಾನು ಲೈನಿನಲ್ಲಿದ್ದೇನೆ ಎಂದರೆ ಕೆಲಸ ನಡೆಯುತ್ತಿತ್ತು. ನಮ್ಮಲ್ಲಿ ರೋಗಿ ಇರುವುದು ಒಂದೂರು, ಫೋನು ಇರುವುದು ಇನ್ನೊಂದೂರು. ಕರೆ ಮಾಡುವವನು ಸೈಕಲ್ ತುಳಿದುಕೊಂಡೋ ಓಡಿಕೊಂಡೋ ಬಂದಿರುತ್ತಾನೆ. ಉಸಿರು ಐತೇನು ಎಂದು ಕೇಳಿದರೆ "ನಾ ಬರೂಮುಂದ ಇತ್ರಿ" ಎನ್ನುತ್ತಾನೆ. ಹೌದು, ಅವನ ಉತ್ತರ ಸರಿ. ನನ್ನ ಪ್ರಶ್ನೆಯೇ ಇಲ್ಲಿಗೆ ಹೊಂದುವುದಿಲ್ಲ. ಇದಕ್ಕೆ ನಾನು ಕೋಣೆಯ ಮೂಲೆಯಲ್ಲಿ ಕುಳಿತು ಒಂದು ದಾರಿ ಯೋಚಿಸಿದ್ದೆ. ಕರೆ ಮಾಡಿದವನನ್ನು ಬರಿಗೈಯಲ್ಲಿ ಕಳಿಸಬಾರದು, ಮಾತು ಕೊಟ್ಟು ಕಳಿಸಬೇಕು. ಹಿಂದಿರುಗಿ ಹೋದ ಕೂಡಲೇ ಏನು ಮಾಡಬೇಕು ಎಂಬುದನ್ನು ಎರಡೇ ಮಾತಿನಲ್ಲಿ ಹೇಳಿ, ಅವನ ಬಾಯಿಂದ ತಿರುಗಿ ಹೇಳಿಸಿ, ಕಳಿಸಬೇಕು. ಇದನ್ನು ತಮಗೆ ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ತಾವು ಪಾಠ ಮಾಡಲು ಬಂದ ಎರಡೂ ದಿನ ಆ ಹಾಳೆ ನನ್ನ ಕಿಸೆಯಲ್ಲೇ ಇತ್ತು. ಕೈ ಎತ್ತಲು ಧೈರ್ಯವಾಗಲಿಲ್ಲ. ತಾವು ಆ ಎರಡು ದಿನ ನಮಗೆ ಕಲಿಸಿದ್ದು, ಹತ್ತು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟು ನಿಂತುಹೋದರೆ ಒಳಗಿರುವವರಿಗೆ ಹೇಗೆ ಧೈರ್ಯ ಹೇಳಬೇಕು ಎಂಬುದನ್ನು. ನಾಲ್ಕು ತಾಲೂಕಿನಲ್ಲಿ ಎಲ್ಲಿಯೂ ಲಿಫ್ಟು ಇಲ್ಲ. ಇರಲಿ, ಮುಂದೆ ಬಂದರೆ ಬೇಕಾಗುತ್ತದೆ.

ಆ ಕೋಣೆ ಯಾವ ಊರಲ್ಲಿದೆ ಎಂದು ನಾನು ಬರೆಯುವುದಿಲ್ಲ. ಊರಿನದೇನೂ ತಪ್ಪಿಲ್ಲ. ಮೂರು ತಿಂಗಳ ತರಬೇತಿಯಲ್ಲಿ ಮೊದಲ ತಿಂಗಳು ನೋಡುವುದು ಮಾತ್ರ, ಫೋನು ಮುಟ್ಟುವಂತಿಲ್ಲ. ಫೋನು ಎತ್ತುತ್ತಿದ್ದವರು ಗುಮಾಸ್ತ ಬಸವಣ್ಣೆಪ್ಪನವರು. ಅವರು ಕೆಟ್ಟ ಮನುಷ್ಯರಲ್ಲ. ಡಬ್ಬಿ ಬಿಚ್ಚಿದರೆ ಅರ್ಧ ರೊಟ್ಟಿ ನನಗೆ ಕೊಡುತ್ತಿದ್ದರು. ನನ್ನ ಹೆಸರನ್ನು ಮಾತ್ರ ಮರೆತಿದ್ದರು.

"ಏ ಮಸ್ಕತ್, ಧೂಳ ಭಾಳ ಕುಂತೈತಿ ನೋಡು ಫೋನಿನ ಮ್ಯಾಲೆ. ಒರಸಬ್ಯಾಡ ಮತ್ತ! ಮುಟ್ಟಿದಂಗ ಆದೀತು, ಸಾಹೇಬ್ರು ನನ್ನ ಮ್ಯಾಲ ಹರಿಹಾಯ್ತಾರ."

ರಿಜಿಸ್ಟರಿನಲ್ಲಿ ಹದಿಮೂರು ಕಾಲಮುಗಳು. ಒಂದು, ರೋಗಿಯ ಹೆಸರು. ಎರಡು, ತಂದೆಯ ಹೆಸರು. ಮೂರು, ಜಾತಿ. ನಾಲ್ಕು, ವಯಸ್ಸು. ಊರು ಬರುವುದು ಆರನೆಯದರಲ್ಲಿ. ಏನಾಗಿದೆ ಎಂಬುದು ಒಂಬತ್ತನೆಯದರಲ್ಲಿ. ಒಂದರ ಉತ್ತರ ಬರೆಯದೆ ಎರಡಕ್ಕೆ ಹೋಗತಕ್ಕದ್ದಲ್ಲ ಎಂದು ತಾವೇ ಕೆಂಪು ಶಾಯಿಯಲ್ಲಿ ಬರೆಸಿ ಗೋಡೆಗೆ ಅಂಟಿಸಿದ್ದೀರಿ. ಇದಕ್ಕೆ ತಮ್ಮ ಕಡೆಯಿಂದ ಕಾರಣವೂ ಇತ್ತು, ಅದನ್ನೂ ಹೇಳಬೇಕು. ಜೀಪು ಬಂದ ಹೊಸದರಲ್ಲಿ ಯಾರೋ ಹೊಟ್ಟೆನೋವೆಂದು ಕರೆ ಮಾಡಿ, ಜೀಪು ಹೋದಾಗ ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿದ ಮದುಮಗನನ್ನು ಕೂರಿಸಿದ್ದರಂತೆ. ಹೆಸರು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ತಾವು ತೀರ್ಮಾನಿಸಿದಿರಿ. ಆ ಮದುಮಗನಿಗೆ ಹೆಸರಿರಲಿಲ್ಲವೇ? ಕೇಳಿದ್ದರೆ ಬಾಯಿತುಂಬ ಹೇಳುತ್ತಿದ್ದ. ನಮ್ಮ ಕಡೆ ಹೆಸರು ಹೇಳದವರು ಯಾರು ಎಂಬುದು ಈ ನೆಲದಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಗೊತ್ತು. ತಮ್ಮ ಮನೆಯಲ್ಲೂ ಇದ್ದಾರು.

ಮಾರ್ಚ್ ಹನ್ನೊಂದು ನನ್ನ ತರಬೇತಿಯ ಹತ್ತೊಂಬತ್ತನೇ ದಿನ. ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಟ್ರಂಕ್ ಕಾಲ್ ಬಂತು. ಫೋನು ಮೊದಲ ಸಲ ಹಿಡಿದವರು ಕೂಗಿಯೇ ಮಾತಾಡುತ್ತಾರೆ. ಹೆಂಗಸಿನ ದನಿ ಮೂಲೆಯಲ್ಲಿ ಕುಳಿತ ನನಗೂ ಕೇಳುತ್ತಿತ್ತು.

"ಲಗೂ ಬರ್ರಿ ಯಪ್ಪಾ, ರಗತ ನಿಂದರವಲ್ದು!"

ಬಸವಣ್ಣೆಪ್ಪನವರು ಪೆನ್ನಿನ ಟೋಪಿ ತೆಗೆದರು. "ರೋಗಿ ಹೆಸರೇನವಾ?"

"ನಮ್ಮನಿಯವ್ರ್ರೀ."

"ಮನಿಯವ್ರು ಅಂದ್ರ ಹೆಸರ ಏನು?"

"ನಮ್ಮ ಸರೋಜವ್ವನ ಅಪ್ಪಾರ್ರೀ."

"ಸರೋಜವ್ವನ ಅಪ್ಪನ ಹೆಸರ ಹೇಳವಾ ತಾಯಿ."

ಅತ್ತ ಕಡೆ ಸುಮ್ಮನಾಯಿತು. ಉಸಿರು ಮಾತ್ರ ಕೇಳುತ್ತಿತ್ತು, ಓಡಿ ಬಂದವರ ಉಸಿರು. ಬಸವಣ್ಣೆಪ್ಪನವರು ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು.

"ಹೇಳೂದಿಲ್ಲಕಿ. ನನಗೂ ಗೊತ್ತೈತಿ, ನನ್ನ ಹೆಂಡತೀನೂ ಹೇಳೂದಿಲ್ಲ. ಆದ್ರ ಕಾಲಂ ಖಾಲಿ ಬಿಟ್ರ ಸಾಹೇಬ್ರು ನನ್ನ ಹೆಸರನ್ನ ತಗೀತಾರಲ್ಲೋ." ಮತ್ತೆ ಫೋನಿಗೆ, "ಬಾಜೂಕ ಯಾರರೆ ಗಂಡಸ್ರು ಅದಾರೇನವಾ? ಅವರ ಕೈಯಾಗ ಕೊಡು."

"ಯಾರೂ ಇಲ್ರೀ, ಪೋಸ್ಟಿನವ್ರು ಗಾಡಿ ತರಾಕ ಹೋಗ್ಯಾರ. ತೊಡಿಗೆ ಹಾರಿ ಹೊಕ್ಕೈತ್ರೀ, ನಿಮ್ಮ ಕಾಲಿಗೆ ಬೀಳ್ತೇನಿ!"

"ಒಂದ ಸಲ ಹೇಳಿ ಬಿಡವಾ. ದೇವರು ತಪ್ಪ ಹಿಡ್ಯಾಂಗಿಲ್ಲ."

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಹೆಣ್ಣುಮಕ್ಕಳು ಅವ್ವನ ಹಾಲಿನ ಜೊತೆ ಕುಡಿದ ಮಾತು. ಅದು ಮೂಢನಂಬಿಕೆ ಎಂದು ತಾವು ಹೇಳಬಹುದು, ನಾನು ವಾದಿಸುವುದಿಲ್ಲ. ಆದರೆ ಆ ಹೊತ್ತನ್ನು ಒಮ್ಮೆ ಯೋಚಿಸಿ ನೋಡಿ. ಗಂಡ ಸಾವು ಬದುಕಿನ ನಡುವೆ ಬಿದ್ದಿದ್ದಾನೆ. ಅವನ ಆಯುಷ್ಯವನ್ನು ಎಳ್ಳಷ್ಟೂ ಕಡಿಮೆ ಮಾಡಬಾರದ ದಿನ ಯಾವುದಾದರೂ ಇದ್ದರೆ ಅದು ಅದೇ ದಿನ. ಅದೇ ದಿನ ಸರಕಾರ ಅವಳನ್ನು ಕೇಳುತ್ತದೆ, ಹೆಸರು ಹೇಳು, ಇಲ್ಲದಿದ್ದರೆ ಜೀಪಿಲ್ಲ. ಅವಳು ಯಾವುದನ್ನು ನಂಬಬೇಕಿತ್ತು? ಹಿಂದೆಂದೂ ನೋಡದ ನಿಮ್ಮ ಜೀಪನ್ನೋ, ತಲತಲಾಂತರದಿಂದ ನಂಬಿಕೊಂಡು ಬಂದ ಮಾತನ್ನೋ?

ನನಗೆ ಇದೆಲ್ಲ ಗೊತ್ತಿತ್ತು. ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗಿತ್ತು. ಎದ್ದು ಹೋಗಿ ಫೋನು ತೆಗೆದುಕೊಂಡು "ಹೆಸರ ಬ್ಯಾಡವ್ವಾ, ಊರ ಹೇಳು" ಎಂದಿದ್ದರೆ ಮುಗಿಯುತ್ತಿತ್ತು. ನಾನು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದೆ. ದೊಡ್ಡವರ ಕೈಯಿಂದ ಕಿತ್ತುಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಮಸ್ಕತ್ತಿನಲ್ಲಿ ಐದು ವರ್ಷ ಫೋನು ಎತ್ತಿದವನು ಊರಿಗೆ ಬಂದ ಮೇಲೆ ಮತ್ತೆ ನೆಲ ಒರೆಸುವ ಹುಡುಗನಾಗಿದ್ದೆ. ಕೊನೆಗೂ ಎದ್ದೆ. ಬಸವಣ್ಣೆಪ್ಪನವರು ಬೈಯಲಿಲ್ಲ, ರಿಸೀವರನ್ನು ನನ್ನ ಕೈಗೆ ಕೊಟ್ಟೇಬಿಟ್ಟರು. ಅವರು ಅದನ್ನೇ ಕಾಯುತ್ತಿದ್ದರೋ ಏನೋ. ನಾನು ಕಿವಿಗೆ ಹಿಡಿದಾಗ ಕೇಳಿಸಿದ್ದು ಎಕ್ಸ್‌ಚೇಂಜಿನ ಹೆಣ್ಣುಮಗಳ ದನಿ.

"ಮೂರು ನಿಮಿಷ ಆತ್ರಿ."

ಟ್ರಂಕ್ ಕಾಲಿಗೆ ಸಿಗುವುದು ಅಷ್ಟೇ. ಲೈನು ಹೋಯಿತು. ಮೂರು ನಿಮಿಷದಲ್ಲಿ ನಾವು ಒಂದನೇ ಕಾಲಮನ್ನು ದಾಟಿರಲಿಲ್ಲ. ಯಾವ ಊರು ಎಂಬುದೂ ನಮಗೆ ಗೊತ್ತಿರಲಿಲ್ಲ.

ಎಕ್ಸ್‌ಚೇಂಜಿಗೆ ತಿರುಗಿ ಹಚ್ಚಲು ಹತ್ತು ಹದಿನೈದು ನಿಮಿಷ ಹಿಡಿಯಿತು. ಸಿಕ್ಕಾಗ ಆ ಹೆಣ್ಣುಮಗಳು, "ಯಾರ್ರಿ ಇದು? ಬಸವಣ್ಣೆಪ್ಪನವರ ದನಿ ಅಲ್ಲಲಾ?" ಎಂದಳು.

"ಟ್ರೇನಿಂಗಿನವ್ರಿ ಅಕ್ಕಾರ. ಈಗ ಬಂದ ಕಾಲ್ ಯಾವೂರಿಂದ್ರಿ?"

"ಅಬಲೂರ ಕಡಿಂದ. ತಡೀರಿ, ಚೀಟಿ ನೋಡ್ತೇನಿ." ಊರಿನ ಹೆಸರು ಹೇಳಿದಳು. ಆಮೇಲೆ ಮೆಲ್ಲಗೆ, "ಪಾಪ, ಭಾಳ ಅಳಾಕತ್ತಿದ್ಲು. ನಾನು ಅರ್ಧ ನಿಮಿಷ ಜಾಸ್ತಿನ ಬಿಟ್ಟಿದ್ದೆ" ಎಂದಳು.

ತಿರುಗಿ ಅದೇ ಊರಿಗೆ ಹಚ್ಚಿದರೆ ಯಾರೂ ಎತ್ತಲಿಲ್ಲ. ಚೌಡವ್ವ ಗಂಡ ಗಾಯಗೊಂಡು ಮಲಗಿದ್ದ ಬಾವಿಯ ಕಡೆ ಓಡಿಹೋಗಿದ್ದಳು, ಬರಿಗೈಯಲ್ಲಿ. ಗಾಯದ ಮೇಲೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಡಬೇಡಿ ಎಂಬ ಎರಡು ಮಾತು ನನ್ನ ಕಿಸೆಯ ಹಾಳೆಯಲ್ಲಿತ್ತು. ಅಲ್ಲಿ ಅವರು ಗಾಯಕ್ಕೆ ಸುಣ್ಣ ಅರಿಸಿನ ತುಂಬಿ ಕಾಯುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಊರು ಸಿಕ್ಕರೂ ಜೀಪು ಹೊರಡಲಿಲ್ಲ. ಹೆಸರಿಲ್ಲದ ಚೀಟಿಗೆ ಜೀಪು ಬಿಡುವಂತಿಲ್ಲ. ಬಸವಣ್ಣೆಪ್ಪನವರು ತಮ್ಮ ಅಪ್ಪಣೆ ಕೇಳಲು ತಮ್ಮ ಕಚೇರಿಗೆ ಫೋನು ಹಚ್ಚಿದರು. ತಾವು ಊಟಕ್ಕೆ ಹೋಗಿದ್ದಿರಿ. ಊಟ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಡ್ರೈವರ್ ಗುಡ್ಡಪ್ಪ ಬಾಗಿಲಲ್ಲಿ ಕೀಲಿ ಹಿಡಿದು ನಿಂತಿದ್ದ.

"ಯಾರದರೆ ಒಂದು ಹೆಸರ ಬರದು ಕೊಡ್ರಲೇ ಅತ್ತಾಗ! ಸತ್ತ ಮ್ಯಾಲೆ ಹೋಗಿ ಏನ್ ಮಾಡೂದೈತಿ?"

"ಯಾರದಂತ ಬರೀಲೋ? ಸುಳ್ಳ ಹೆಸರ ಬರದ್ರ ನೌಕರಿ ಹೋಕ್ಕೈತಿ" ಎಂದರು ಬಸವಣ್ಣೆಪ್ಪನವರು. ಅವರ ಮಗಳ ಮದುವೆ ಬರುವ ತಿಂಗಳಿತ್ತು.

ಆಗ ನಾನು ಪೆನ್ನು ತೆಗೆದುಕೊಂಡು ಒಂದನೇ ಕಾಲಮಿನಲ್ಲಿ ನನ್ನ ಹೆಸರು ಬರೆದೆ. ಅದು ಸುಳ್ಳು ಹೆಸರಲ್ಲ, ನಿಜವಾದ ಒಬ್ಬ ಮನುಷ್ಯನದು. ಎರಡರಲ್ಲಿ ನನ್ನ ಅಪ್ಪನ ಹೆಸರು, ಮೂರರಲ್ಲಿ ನನ್ನ ಜಾತಿ, ನಾಲ್ಕರಲ್ಲಿ ನನ್ನ ವಯಸ್ಸು. ಆರರಲ್ಲಿ ಅವಳ ಊರು. ಒಂಬತ್ತರಲ್ಲಿ ಹಾರೆ. ತಮ್ಮ ಕೆಂಪು ಶಾಯಿಯ ನಿಯಮವನ್ನು ಅಷ್ಟು ಚೊಕ್ಕವಾಗಿ ಪಾಲಿಸಿದ ಪುಟ ಆ ರಿಜಿಸ್ಟರಿನಲ್ಲಿ ಇನ್ನೊಂದಿಲ್ಲ. ಅದನ್ನೇ ಚೀಟಿಗೆ ಇಳಿಸಿದೆ, ಗುಡ್ಡಪ್ಪ ಕಿತ್ತುಕೊಂಡು ಓಡಿದ. ನಾನೂ ಹಿಂದೆ ಹತ್ತಿದೆ. ಆಗ ಹನ್ನೆರಡು ಐವತ್ತು. ಕರೆ ಬಂದು ನಲವತ್ತು ನಿಮಿಷ.

ಅಬಲೂರು ಮುಟ್ಟುವ ಮುಂಚೆಯೇ ಎತ್ತಿನ ಗಾಡಿ ಎದುರಾಯಿತು. ಗಾಡಿಯಲ್ಲಿ ಅವನನ್ನು ಮಲಗಿಸಿದ್ದರು, ಹುಲ್ಲೆಲ್ಲ ಒದ್ದೆಯಾಗಿತ್ತು. ಜೀಪಿಗೆ ಎತ್ತಿ ಹಾಕಿದಾಗ ಉಸಿರಿತ್ತು. ನಾನು ದಾರಿಯುದ್ದಕ್ಕೂ ಎರಡೂ ಕೈಯಿಂದ ಒತ್ತಿ ಹಿಡಿದೆ. ಉಸ್ತಾದ್ ಕಲಿಸಿದ್ದನ್ನೆಲ್ಲ ಮಾಡಿದೆ. ಒತ್ತಲು ಒಳಗೆ ಏನಾದರೂ ಉಳಿದಿರಬೇಕಲ್ಲ. ಚೌಡವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ರೀ... ರೀ..." ಎಂದು ಮಾತ್ರ ಕರೆಯುತ್ತಿದ್ದಳು. ಆಗಲೂ ಹೆಸರು ಹಿಡಿದು ಕರೆಯಲಿಲ್ಲ. ದವಾಖಾನೆಯ ಬಾಗಿಲಲ್ಲಿ ಇಳಿಸುವಾಗ ಉಸಿರು ಇರಲಿಲ್ಲ.

ಡಾಕ್ಟರರು ಜೀಪಿನ ಚೀಟಿ ನೋಡಿ ಸಾವಿನ ಕಾಗದ ಬರೆದರು. "ಅದು ನನ್ನ ಹೆಸರ್ರಿ" ಎಂದು ನಾನು ಹೇಳಿದೆ. ಮೆಲ್ಲಗೆ ಹೇಳಿದೆ. ಅಳುವವರ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ಈ ಪತ್ರದಲ್ಲಿ ನಾನು ತಮ್ಮನ್ನು ಎಷ್ಟು ಸಲ ಚುಚ್ಚಿದ್ದೇನೋ ಅಷ್ಟು ಸಲ ನನ್ನನ್ನೂ ಚುಚ್ಚಿಕೊಳ್ಳಬೇಕು, ಬಲ್ಲೆ.

ಒಂಬತ್ತು ದಿನದ ಮೇಲೆ ತಮ್ಮ ಮೆಮೊ ಬಂತು. "ಸದರಿ ಅಭ್ಯರ್ಥಿಯು ತಾನು ಆರೋಗ್ಯದಿಂದ ಇದ್ದಾಗ್ಯೂ ರೋಗಿಯ ಕಾಲಮಿನಲ್ಲಿ ತನ್ನ ಹೆಸರನ್ನು ನಮೂದಿಸಿ ಸರಕಾರಿ ವಾಹನವನ್ನು ಹೊರಡಿಸಿದ್ದು ಅಕ್ಷಮ್ಯ" ಎಂದಿತ್ತು. ನನ್ನನ್ನು ತರಬೇತಿಯಿಂದ ತೆಗೆದುಹಾಕಿದಿರಿ. ಒಪ್ಪಿಕೊಂಡೆ. ಆದರೆ ಸುಳ್ಳೆಂದು ತಮಗೆ ಗೊತ್ತಾದ ಮೇಲೆ ಆ ಸುಳ್ಳನ್ನು ರಿಜಿಸ್ಟರಿನಲ್ಲಿ ಯಾಕೆ ಉಳಿಸಿಕೊಂಡಿರಿ? ತಿದ್ದಿದರೆ ಪುಟ ಹೊಲಸಾಗುತ್ತದೆಂದೇ? ಬರೆದವನಿಗೆ ಶಿಕ್ಷೆ, ಬರೆದದ್ದಕ್ಕೆ ಮಾನ್ಯತೆ, ಇದು ಯಾವ ನ್ಯಾಯ?

ಚೌಡವ್ವ ಜುಲೈ ತಿಂಗಳಲ್ಲಿ ನನ್ನನ್ನು ಹುಡುಕಿಕೊಂಡು ನಮ್ಮೂರಿಗೆ ಬಂದಳು. ಎರಡು ಬಸ್ಸು ಬದಲಿಸಿ, ಉಳಿದ ದಾರಿ ನಡೆದು ಬಂದಿದ್ದಳು. ನಮ್ಮವ್ವ ದುರಗವ್ವ ಅವಳಿಗೆ ನೀರು ಕೊಟ್ಟು, ಯಾರೆಂದು ತಿಳಿದ ಮೇಲೆ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಮೆಮೊ ಬಂದ ದಿನದಿಂದ ಅವ್ವ ನನ್ನನ್ನು ಬೈಯುತ್ತಲೇ ಇದ್ದಳು, "ಇನ್ನೊಬ್ಬರ ಸಾವಿಗೆ ನಿನ್ನ ಹೆಸರ ಬರಕೊಂಡಿಯಲ್ಲೋ ಖೋಡಿ!" ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದ್ದಳು.

ಚೌಡವ್ವ ಸೆರಗಿನ ಗಂಟು ಬಿಚ್ಚಿ ಹಿಂದಕ್ಕೆ ಬಂದ ಅರ್ಜಿ ತೆಗೆದಳು.

"ಆಫೀಸಿನಾಗ ಅಂತಾರ ತಮ್ಮಾ, ನಿನ್ನ ಗಂಡ ಸತ್ತಿಲ್ಲವಾ ಅಂತ. ಮಣ್ಣ ಕೊಟ್ಟ ಬಂದೇವಿ, ಸತ್ತಿಲ್ಲ ಅಂತಾರ. ನಾ ಏನ ತಿಳಕೊಳ್ಳಿ?"

"ತಪ್ಪು ನಂದ ಐತವ್ವಾ. ಚೀಟಿಯಾಗ ನನ್ನ ಹೆಸರ ಬರದೇನಿ."

"ಅದು ಗೊತ್ತಾತು. ಗುಡ್ಡಪ್ಪ ಹೇಳಿದ." ಅರ್ಜಿಯನ್ನು ಮಡಚಿ ಸೆರಗಿನಲ್ಲಿ ಮತ್ತೆ ಗಂಟು ಹಾಕಿದಳು. "ಒಂದು ಮಾತು ಕೇಳ್ತೇನಿ, ಖರೇ ಹೇಳು. ಅವತ್ತ ನಾ ಹೆಸರ ಹೇಳಿದ್ದರ ಜೀಪು ಲಗೂ ಬರ್ತಿತ್ತೇನು?"

ಮಾನ್ಯರೇ, ಈ ಪ್ರಶ್ನೆ ನನ್ನದಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ತಾವು. ತಾವು ಅಲ್ಲಿರಲಿಲ್ಲ, ಆದ್ದರಿಂದ ನಾನೇ ಉತ್ತರ ಕೊಟ್ಟೆ. "ಇಲ್ಲವ್ವಾ, ಹೇಳಿದ್ರೂ ಅಷ್ಟ ಹೊತ್ತ ಆಗ್ತಿತ್ತು. ದಾರಿ ದೂರ" ಎಂದೆ. ರಿಜಿಸ್ಟರಿನಲ್ಲಿ ಬರೆದದ್ದನ್ನು ನಾನು ಸುಳ್ಳೆಂದು ಎಣಿಸಿಲ್ಲ. ನಾನು ಹೇಳಿದ ಸುಳ್ಳು ಇದೊಂದೇ.

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾರ ಬರಕೋ ತಮ್ಮಾ. ಇನ್ಯಾಕ ಬಚ್ಚಿಡ್ಲಿ, ಯಾರಿಗೆ ಬಚ್ಚಿಡ್ಲಿ" ಎಂದು ಗಂಡನ ಹೆಸರು ಹೇಳಿದಳು. ಮದುವೆಯ ದಿನ ಎಲ್ಲರೂ ಕಾಡಿಸಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದಳಂತೆ. ಅದಾದ ಮೇಲೆ ಇದೇ ಎರಡನೆಯ ಸಲ. ಅಭ್ಯಾಸವಿಲ್ಲದ್ದರಿಂದ ನಾಲಿಗೆ ತಡವರಿಸಿತು. ಬಾಗಿಲಲ್ಲಿದ್ದ ನಮ್ಮವ್ವ ಒಳಗೆ ಹೋಗಿಬಿಟ್ಟಳು.

ನಾನು ತಮ್ಮಲ್ಲಿ ಕೇಳುವುದು ಎರಡೇ. ಆ ದಿನದ ಪುಟದಲ್ಲಿ ನನ್ನ ಹೆಸರನ್ನು ಹೊಡೆದು ಸತ್ತವನ ಹೆಸರನ್ನು ಬರೆಯಿರಿ, ಅದರ ಮೇಲೆ ಸಹಿ ಮಾಡಿ ಚೌಡವ್ವನಿಗೆ ಕಾಗದ ಕೊಡಿ. ಆಮೇಲೆ ಹೊಸ ರಿಜಿಸ್ಟರ್ ಅಚ್ಚು ಹಾಕಿಸುವಾಗ ಊರನ್ನು ಮೊದಲಿಗೆ ತಂದು ಹೆಸರನ್ನು ಹದಿಮೂರನೇ ಕಾಲಮಿಗೆ ಒಯ್ಯಿರಿ. ಹೆಚ್ಚು ಕಾಗದ ಹಿಡಿಯುವುದಿಲ್ಲ, ಶಾಯಿಯೂ ಅಷ್ಟೇ. ನನ್ನನ್ನು ತರಬೇತಿಗೆ ತಿರುಗಿ ತೆಗೆದುಕೊಳ್ಳಿ ಎಂದು ನಾನು ಕೇಳುವುದಿಲ್ಲ. ಕೇಳುವ ಶಕ್ತಿ ಉಳಿದಿಲ್ಲ. ಫೋನು ಮಾತ್ರ ಅಲ್ಲೇ ಇದೆ, ಈಗಲೂ ಬಸವಣ್ಣೆಪ್ಪನವರು ಪೆನ್ನಿನ ಟೋಪಿ ತೆಗೆದು ಮೊದಲು ಹೆಸರನ್ನೇ ಕೇಳುತ್ತಿದ್ದಾರೆ. ನಾಳೆ ಅತ್ತ ಕಡೆಯಿಂದ ಇನ್ನೊಬ್ಬಳು ಸುಮ್ಮನೆ ನಿಲ್ಲುತ್ತಾಳೆ. ಅವಳ ಮೂರು ನಿಮಿಷ ಹಾಗೆಯೇ ಹೋಗುತ್ತದೆ.

ತಾವು ತಿದ್ದಲು ಅನುಕೂಲವಾಗಲೆಂದು ವಿವರಗಳನ್ನು ಕೆಳಗೆ ಕೊಟ್ಟಿದ್ದೇನೆ. ನನಗೆ ಕಲಿಸಿದ ಕ್ರಮದಲ್ಲಿ ಕೊಟ್ಟಿದ್ದೇನೆ, ಕ್ಷಮಿಸಿ.

ಎಲ್ಲಿ: ಅಬಲೂರಿನ ಆಚೆ, ಬಾವಿಯ ಹತ್ತಿರ.
ಉಸಿರು: ಹೆಂಡತಿ ಕರೆ ಮಾಡಿದಾಗ ಇತ್ತು.
ರಕ್ತ: ಹೋಗುತ್ತಿತ್ತು.
ಹೆಸರು: ಹೂವಪ್ಪ.

ಇಂತಿ, ತಮ್ಮ ಕಡತದಲ್ಲಿ ತೀರಿಕೊಂಡು, ತಮ್ಮ ಮೆಮೊದಲ್ಲಿ ಬದುಕಿಕೊಂಡು, ಎರಡಕ್ಕೂ ತಮ್ಮ ಸಹಿ ಪಡೆದಿರುವ

ಮಾರೆಪ್ಪ
ಹಾನಗಲ್ ತಾಲೂಕು
ಸೆಪ್ಟೆಂಬರ್ ೧೯೮೬